ಗೂಡ್ಸ್ ಗಾಡಿಯಲ್ಲಿ ಭುವನೇಶ್ವರಿ

ಕೆಲವರಿಗೆ ಸಿಹಿ ಕಂಡರೆ ಕೈ ಕಟ್ಟಿ ಕೂರಲು ಆಗುವುದಿಲ್ಲ. ಇನ್ನು ಕೆಲವರಿಗೆ ಇಸ್ಪೀಟಿನ ಎಲೆ. ನನಗೆ ಕಾಗದದ ಕೆಳತುದಿಯಲ್ಲಿ ಒಂದು ಚುಕ್ಕಿಗೆರೆ ಕಂಡರೆ ಸಾಕು, ಮೇಲೇನು ಬರೆದಿದೆ ಎಂದು ನೋಡುವ ಮೊದಲೇ ಕೈ ಜೇಬಿನ ಪೆನ್ನಿಗೆ ಹೋಗಿರುತ್ತದೆ. ಸೋಲದೇವನಹಳ್ಳಿಯ ಒಂದು ಕಾಲೇಜಿನ ಕಚೇರಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕೂತು ಅಂಟಿಸಿಕೊಂಡ ಚಟ ಇದು. ವ್ಯಾಸಂಗ ಪತ್ರ, ಬಸ್ ಪಾಸಿನ ಅರ್ಜಿ, ಕೊಠಡಿ ಕೀಲಿಯ ವಹಿ, ಎಲ್ಲಕ್ಕೂ ನನ್ನ ದುಂಡಗಿನ ಸಹಿ. ಒಮ್ಮೆ ಕ್ಯಾಂಟೀನಿನ ಸಾಂಬಾರು ನೀರಾಗಿದೆ ಎಂಬ ದೂರಿಗೂ, ಸಾಂಬಾರು ಬಲು ಗಟ್ಟಿಯಾಗಿದೆ ಎಂಬ ದೂರಿಗೂ ಒಂದೇ ದಿನ 'ಪರಿಶೀಲಿಸಲಾಗಿದೆ, ನಿಜ' ಎಂದು ಬರೆದು ಸಹಿ ಹಾಕಿದ್ದೆ. ಪ್ರಿನ್ಸಿಪಾಲರು ಕರೆಸಿ, "ಪಾಟೀಲ್, ನೀವು ಊಟ ಎಲ್ಲಿ ಮಾಡ್ತೀರಿ?" ಎಂದು ಕೇಳಿದರು. ಮನೆಯಿಂದ ಡಬ್ಬಿ ತರುತ್ತೇನೆ ಎಂದೆ.

ಇಂಥ ಮನುಷ್ಯನನ್ನು ಶೆಟ್ಟಿಹಳ್ಳಿಯ ನಮ್ಮ ಬಡಾವಣೆಯ ಕನ್ನಡ ಸಂಘದವರು ಕಾರ್ಯದರ್ಶಿ ಮಾಡಿದ್ದರು. ನನ್ನಲ್ಲಿ ಸಂಘಟನಾ ಚಾತುರ್ಯ ಕಂಡು ಮಾಡಿದ್ದು ಎಂದು ಬಹಳ ದಿನ ನಂಬಿಕೊಂಡಿದ್ದೆ. ಅಕ್ಷರ ಚೆನ್ನಾಗಿದೆ, ಕೇಳಿದಲ್ಲಿ ಸಹಿ ಹಾಕುತ್ತಾರೆ, ಅಷ್ಟಕ್ಕೇ ಮಾಡಿದ್ದೆಂದು ಆಮೇಲೆ ತಿಳಿಯಿತು. ನಾನು ವಿಜಯಪುರ ಜಿಲ್ಲೆಯವನು. ಬೆಂಗಳೂರಿಗೆ ಬಂದು ಅರ್ಧ ಆಯುಸ್ಸು ಕಳೆದರೂ, ಸಭೆಯಲ್ಲಿ ನಾಲ್ಕು ಮಾತಾಡಿದರೆ ಯಾರಾದರೂ "ಸರ್ ಭಾಷೆ ಕೇಳೋಕೆ ಎಷ್ಟ್ ಚಂದ" ಎನ್ನುತ್ತಾರೆ. ವಿಷಯವನ್ನು ಮಾತ್ರ ಯಾರೂ ಕೇಳಿಸಿಕೊಂಡಿರುವುದಿಲ್ಲ.

ಪ್ರತಿ ನವೆಂಬರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ನಮ್ಮ ಸಂಘದ ರಾಜ್ಯೋತ್ಸವ ಮೆರವಣಿಗೆ. ಮುಂದೆ ಡೊಳ್ಳು, ಅದರ ಹಿಂದೆ ಹಳದಿ ಕೆಂಪು ಬಟ್ಟೆ ಸುತ್ತಿದ ಗಾಡಿ, ಗಾಡಿಯ ಮೇಲೆ ತಾಯಿ ಭುವನೇಶ್ವರಿ. ಗಾಡಿ ಮುನಿರಾಜಣ್ಣನದು. ಶೆಟ್ಟಿಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಇರುವ ಮನೆತನ ಅವರದು. ಈಗ ನಮ್ಮ ಮನೆಯಿರುವ ಜಾಗದಲ್ಲಿ ಅವರ ತಾತ ರಾಗಿ ಬೆಳೆಯುತ್ತಿದ್ದರಂತೆ. ನಮ್ಮ ಮನೆಗೆ ಬಂದಾಗಲೆಲ್ಲ ನಡುಮನೆಯಲ್ಲಿ ನಿಂತು, "ಇಲ್ಲೇ ಸಾರ್ ಕಣ ಇದ್ದಿದ್ದು" ಎಂದು ಸೋಫಾ ಕಡೆ ಕೈ ತೋರಿಸುತ್ತಾರೆ. ಜಮೀನೆಲ್ಲ ಹೋಗಿ ಉಳಿದದ್ದು ಒಂದು ಟೆಂಪೋ. ವಾರವೆಲ್ಲ ಸಿಮೆಂಟು, ಪ್ಲೈವುಡ್ಡು, ಟೈಲ್ಸು ಹೊರುವ ಗಾಡಿಯನ್ನು ಮೆರವಣಿಗೆಯ ಹಿಂದಿನ ದಿನ ತಾವೇ ತಿಕ್ಕಿ ತೊಳೆದು, ಬಾಡಿಗೆ ಮಾತೆತ್ತಿದರೆ ಸಿಟ್ಟಾಗಿ, ತಾವೇ ಓಡಿಸುತ್ತಿದ್ದರು.

ಭುವನೇಶ್ವರಿಯಾಗುತ್ತಿದ್ದವರು ಗಿರಿಜಮ್ಮ. ಮೂರನೇ ಕ್ರಾಸಿನ ಮೂಲೆಯಲ್ಲಿ ಅವರ ಟೈಲರ್ ಅಂಗಡಿ. ಗಂಡ ತೀರಿಕೊಂಡ ಮೇಲೆ ಒಂದು ಹೊಲಿಗೆ ಯಂತ್ರ ಇಟ್ಟುಕೊಂಡು ಮಗಳನ್ನು ಓದಿಸಿ, ನರ್ಸ್ ಮಾಡಿ, ಮದುವೆ ಮಾಡಿ ಕಳಿಸಿದ ಹೆಂಗಸು. ಬಡಾವಣೆಯ ಅರ್ಧ ರವಿಕೆಗಳು ಅವರ ಕೈಯಿಂದಲೇ ಬಂದವು. ನೋಡಲು ಎತ್ತರ, ಅಗಲ ಹಣೆ. ಕಿರೀಟ ಇಟ್ಟು, ಜರತಾರಿ ಸೀರೆ ಉಡಿಸಿ ಕೂರಿಸಿದರೆ ದಾರಿಯಲ್ಲಿ ಹೋಗುವವರು ಚಪ್ಪಲಿ ಬಿಟ್ಟು ಕೈ ಮುಗಿಯುತ್ತಿದ್ದರು. ಹಿಂದಿನ ದಿನ ಬ್ಲೌಸ್ ತಡವಾಯಿತೆಂದು ಅವರೊಂದಿಗೆ ಜಗಳವಾಡಿದವರೂ ಆ ದಿನ ಆರತಿ ತಟ್ಟೆ ಹಿಡಿದು ನಿಲ್ಲುತ್ತಿದ್ದರು.

ಆ ವರ್ಷವೂ ಎಲ್ಲ ಸರಿಯಾಗಿಯೇ ಹೊರಟಿತು. ಪೊಲೀಸ್ ಅನುಮತಿಯ ಅರ್ಜಿಗೆ ನಾನೇ ಸಹಿ ಹಾಕಿದ್ದೆ. ಗಾಡಿಯ ಹಿಂಭಾಗದಲ್ಲಿ ಎರಡು ಹಲಗೆ, ಹಲಗೆಯ ಮೇಲೆ ಶಾಮಿಯಾನದವರ ಮದುವೆ ಕುರ್ಚಿ, ಕುರ್ಚಿಯ ಮೇಲೆ ಗಿರಿಜಮ್ಮ. ಪಕ್ಕದಲ್ಲಿ ನನ್ನ ಹಟಕ್ಕೆ ಮಾಡಿಸಿದ ಥರ್ಮಾಕೋಲಿನ ಗೋಲಗುಮ್ಮಟ. ಕುರ್ಚಿಯನ್ನು ಹಲಗೆಗೆ ಕಟ್ಟಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಗುಮ್ಮಟವನ್ನು ಮಾತ್ರ ನಾನು ನಾಲ್ಕು ಕಡೆಯಿಂದ ಹಗ್ಗ ಹಾಕಿ ಬಿಗಿದಿದ್ದೆ.

ಮೆರವಣಿಗೆ ಮುಖ್ಯರಸ್ತೆಗೆ ತಿರುಗುವಲ್ಲಿ ಒಂದು ಸ್ಕೂಟರ್ ಅಡ್ಡ ನುಗ್ಗಿತು. ಮುನಿರಾಜಣ್ಣ ಬ್ರೇಕ್ ಹಾಕಿದರು. ಗಾಡಿ ನಡೆಯುವವರ ವೇಗದಲ್ಲೇ ಇತ್ತು. ಆದರೂ ಕುರ್ಚಿ ಹಲಗೆಯ ಮೇಲೆ ಜಾರಿ, ಗಿರಿಜಮ್ಮ ಪಕ್ಕಕ್ಕೆ ವಾಲಿ, ಕೈಯಲ್ಲಿದ್ದ ಬಾವುಟದ ಸಮೇತ ರಸ್ತೆಗೆ ಬಿದ್ದರು. ಗುಮ್ಮಟ ಅಲುಗಲಿಲ್ಲ. ಡೊಳ್ಳಿನವರಿಗೆ ಗೊತ್ತಾಗದೆ ಇನ್ನೂ ಸ್ವಲ್ಪ ಹೊತ್ತು ಬಾರಿಸುತ್ತಲೇ ಇದ್ದರು. ನಾನು ಓಡಿ ಹೋದಾಗ ಗಿರಿಜಮ್ಮ ಎಡಗೈಯಲ್ಲಿ ಬಲಗೈ ಮಣಿಕಟ್ಟು ಹಿಡಿದುಕೊಂಡು ಕೂತಿದ್ದರು. ಕಿರೀಟ ಕಿವಿಯ ಮೇಲಕ್ಕೆ ಸರಿದಿತ್ತು. ಜೊತೆಗೆ ಬರುತ್ತಿದ್ದ ಪೊಲೀಸಿನವರೇ ಬಂದು ಅವರನ್ನು ಎತ್ತಿದರು. ಗಿರಿಜಮ್ಮ ನನ್ನನ್ನು ನೋಡಿ ಹೇಳಿದ ಮೊದಲ ಮಾತು: "ಸರ್, ಸೋಮವಾರ ಮೂರು ಮದುವೆ ಬ್ಲೌಸ್ ಕೊಡ್ಬೇಕಿತ್ತು."

ಬಲ ಮಣಿಕಟ್ಟಿನಲ್ಲಿ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಮೂಳೆ ಕೂರಿಸಿ ಪ್ಲಾಸ್ಟರ್ ಹಾಕಿ, ಆರು ವಾರ ಕೈ ಅಲ್ಲಾಡಿಸಬಾರದು, ಆಮೇಲೆ ವ್ಯಾಯಾಮ ಮಾಡಿಸಿ ನೋಡೋಣ ಎಂದರು. ಆ 'ನೋಡೋಣ' ಎಂಬ ಮಾತು ಗಿರಿಜಮ್ಮನ ಮುಖದಲ್ಲಿ ಹೇಗೆ ಇಳಿಯಿತೆಂದು ನಾನು ನೋಡಿದೆ. ಹೊಲಿಯುವ ಕೈ ಅದು. ಡಾಕ್ಟರರು ಮುಂದಿನ ರೋಗಿಯ ಕಡೆ ಹೋದರು. ನಾನೂ ಮುನಿರಾಜಣ್ಣನೂ ಗೋಡೆಯ ಕ್ಯಾಲೆಂಡರ್ ನೋಡಿಕೊಂಡು ನಿಂತೆವು.

ಇದೆಲ್ಲ ವಿಮೆಯಲ್ಲಿ ಬರುತ್ತದೆ ಎಂಬ ಧೈರ್ಯ ನನಗಿತ್ತು. ಗಾಡಿಗೆ ವಿಮೆ ಇದೆ, ಕಂತು ತಪ್ಪದೆ ಕಟ್ಟಿದ್ದಾರೆ, ಇನ್ನೇನು ಬೇಕು? ಮಾರನೆಯ ದಿನವೇ ಮುನಿರಾಜಣ್ಣನನ್ನು ಕರೆದುಕೊಂಡು ಕೆಂಪಾಪುರಕ್ಕೆ ಹೋದೆ. ಅವರಿಗೆ ಪಾಲಿಸಿ ಮಾಡಿಸಿಕೊಟ್ಟ ಏಜೆಂಟ್ ಶ್ರೀಕಂಠ ಅಲ್ಲಿದ್ದಾರೆ. ಮೃದು ಮಾತಿನ ಮನುಷ್ಯ. ಕೆಟ್ಟ ಸುದ್ದಿ ಹೇಳುವ ಮೊದಲು ಕಾಫಿ ತರಿಸುವ ಪದ್ಧತಿ ಅವರದು ಎಂದು ನನಗೆ ಗೊತ್ತಿರಲಿಲ್ಲ. ಕಾಫಿ ಬಂದದ್ದು ನೋಡಿ ಖುಷಿಪಟ್ಟೆ.

"ಸರ್, ಇದು ಗೂಡ್ಸ್ ಗಾಡಿ ಪಾಲಿಸಿ," ಎಂದರು ಶ್ರೀಕಂಠ. "ರಸ್ತೇಲಿ ನಡ್ಕೊಂಡು ಹೋಗೋರಿಗೆ, ಸ್ಕೂಟರಿನವರಿಗೆ, ಅಂದ್ರೆ ಮೂರನೆಯವರಿಗೆ ಈ ಗಾಡಿಯಿಂದ ಏನಾದ್ರೂ ಆದ್ರೆ ಕಂಪನಿ ನೋಡ್ಕೊಳ್ಳುತ್ತೆ. ಹಿಂದೆ ಸಾಮಾನಿಡೋ ಜಾಗದಲ್ಲಿ ಜನ ಹತ್ತಿದ್ರೆ ಅವರು ಈ ಪಾಲಿಸೀಲಿ ಬರಲ್ಲ. ಅಲ್ಲಿ ಜನರನ್ನ ಕೂರಿಸೋದೇ ತಪ್ಪು."

"ಅವರು ಜನ ಅಲ್ಲವಲ್ಲ ಸ್ವಾಮಿ, ಭುವನೇಶ್ವರಿ," ಎಂದೆ. ತಮಾಷೆಗೆ ಹೇಳಿದ್ದಲ್ಲ. ಆ ಕ್ಷಣಕ್ಕೆ ಅದು ನನಗೊಂದು ಒಳ್ಳೆಯ ವಾದವಾಗಿಯೇ ಕಂಡಿತ್ತು.

"ಗೂಡ್ಸ್ ಅಂದ್ರೆ ಸಾಮಾನು ಸರ್. ಮನುಷ್ಯರು ಸಾಮಾನಲ್ಲ. ದೇವರಂತೂ ಅಲ್ವೇ ಅಲ್ಲ."

"ನಾನು ಬಾಡಿಗೆ ಈಸ್ಕೊಂಡಿಲ್ಲ," ಎಂದರು ಮುನಿರಾಜಣ್ಣ. "ಭಕ್ತಿಗೆ ಗಾಡಿ ಬುಟ್ಟಿದ್ದು."

"ಗೊತ್ತು ಮುನಿರಾಜಣ್ಣ. ಆದ್ರೆ ಪಾಲಿಸೀಲಿ ಭಕ್ತಿಗೆ ಅಂತ ಜಾಗ ಇಲ್ಲ." ಶ್ರೀಕಂಠ ನನ್ನ ಕಡೆ ತಿರುಗಿದರು. "ಆ ಅಮ್ಮ ಕೇಸ್ ಹಾಕಿದ್ರೆ ಗಾಡಿ ಮಾಲೀಕರು, ಕಾರ್ಯಕ್ರಮ ನಡೆಸಿದೋರು ಉತ್ತರ ಕೊಡ್ಬೇಕಾಗುತ್ತೆ. ನಿಮ್ಮ ಸಂಘ ರಿಜಿಸ್ಟರ್ ಆಗಿದ್ಯಾ?"

"ಬೋರ್ಡ್ ಇದೆ," ಎಂದೆ.

"ಬೋರ್ಡ್ ಇದ್ರೆ ಸಂಘ ಆಗಲ್ಲ ಸರ್. ರಿಜಿಸ್ಟರ್ ಆಗದೇ ಇದ್ರೆ ಸಂಘ ಅಂತ ಬೇರೆ ಯಾರೂ ಇಲ್ಲ. ನೀವುಗಳೇ. ಅರ್ಜಿಗೆ ಸಹಿ ಹಾಕಿದ್ದು ಯಾರು?"

ಅನುಮತಿ ಅರ್ಜಿಯ ನಕಲು ನನ್ನ ಚೀಲದಲ್ಲೇ ಇತ್ತು. ತೆಗೆದು ಮೊದಲ ಬಾರಿಗೆ ಓದಿದೆ. 'ಮೆರವಣಿಗೆಯಲ್ಲಿ ಯಾವುದೇ ಅವಘಡ ಸಂಭವಿಸಿದಲ್ಲಿ ಅದಕ್ಕೆ ನಾನೇ ಸಂಪೂರ್ಣ ಜವಾಬ್ದಾರನಾಗಿರುತ್ತೇನೆ. ವಾಹನದಲ್ಲಿ ಜನರನ್ನು ಕೂರಿಸುವುದಿಲ್ಲ' ಎಂದು ಸ್ಪಷ್ಟ ಕನ್ನಡದಲ್ಲಿ ಅಚ್ಚಾಗಿತ್ತು. ಕೆಳಗೆ ನನ್ನ ಸಹಿ. ಆ ಪುಟದಲ್ಲಿ ನೋಡಲು ಚೆನ್ನಾಗಿದ್ದದ್ದು ಅದೊಂದೇ. ಕನ್ನಡ ಉಳಿಸಿ ಬೆಳೆಸಲು ಮೆರವಣಿಗೆ ಹೊರಡಿಸಿದವನು ಹತ್ತು ಸಾಲು ಕನ್ನಡ ಓದಿರಲಿಲ್ಲ.

ಆ ಸಂಜೆ ಸಂಘದ ಸಭೆ ಕರೆದೆ. ಕರಪತ್ರದಲ್ಲಿ ಪದಾಧಿಕಾರಿಗಳೆಂದು ಹನ್ನೊಂದು ಹೆಸರು ಹಾಕಿಸಿದ್ದೆವು. ಹೆಸರಿನ ಮೇಲು ಕೆಳಗಿನ ಕ್ರಮಕ್ಕಾಗಿ ಮೂರು ಸಭೆ ನಡೆದಿದ್ದವು. ಜವಾಬ್ದಾರಿಯ ವಿಷಯ ಚರ್ಚಿಸುವುದಿದೆ ಎಂದು ಕರೆದಾಗ, ಒಬ್ಬರಿಗೆ ಗೃಹಪ್ರವೇಶ, ಒಬ್ಬರಿಗೆ ನಾಮಕರಣ, ಇನ್ನೊಬ್ಬರಿಗೆ ಬಿ.ಪಿ. ಅಧ್ಯಕ್ಷರು ಮಾತ್ರ ಫೋನಿನಲ್ಲಿ ಸಿಕ್ಕಿ, "ನಾನು ಗೌರವ ಅಧ್ಯಕ್ಷ ಕಣ್ರೀ. ಗೌರವ ಇದ್ರೆ ಹೇಳಿ, ಬರ್ತೀನಿ" ಎಂದರು. ಕೊನೆಗೆ ನಾನು, ಮುನಿರಾಜಣ್ಣ, ಚಹಾ ತಂದ ನನ್ನ ಹೆಂಡತಿ ಸುವರ್ಣಾ, ಇಷ್ಟೇ ಸಭೆ.

ಮುನಿರಾಜಣ್ಣ ಎರಡು ದಿನದಲ್ಲಿ ಇಳಿದು ಹೋಗಿದ್ದರು. ಅನ್ನ ಸೇರುತ್ತಿರಲಿಲ್ಲವಂತೆ. ಗಾಡಿ ಹೋದರೆ ಅವರಿಗೆ ಬೇರೇನೂ ಇಲ್ಲ. ಚಹಾ ಲೋಟ ಕೆಳಗಿಟ್ಟು ಅವರು ಮೆಲ್ಲಗೆ ಹೇಳಿದರು: "ಸಾರ್, ರಸ್ತೇಲಿ ನಿಂತಿದ್ದೋರ್ಗಾದ್ರೆ ಕಂಪನಿ ಕೊಡ್ತದೆ ಅಂದ್ರಲ್ಲ ಅವ್ರು. ಇಂಗೆ ಬರ್ದ್‌ಬುಡಿ. ಗಿರಿಜಕ್ಕ ಪಕ್ಕದಾಗೆ ನಿಂತ್ಕಂಡು ಮೆರವಣಿಗೆ ನೋಡ್ತಿದ್ರು, ಗಾಡಿ ತಗುಲ್ತು, ಬಿದ್ರು. ಅಕ್ಕನಿಗೂ ನಾಕು ಕಾಸು ಸಿಗ್ತದೆ, ನಾನೂ ಉಳ್ಕಂತೀನಿ. ಯಾರ್ಗೇನ್ ಮೋಸ ಏಳಿ."

ನಾನು ಪ್ರಾಮಾಣಿಕ ಎಂದು ಬಡಾವಣೆಯಲ್ಲಿ ಒಂದು ಹೆಸರಿದೆ. ಅಪ್ರಾಮಾಣಿಕನಾಗಲು ಅಲ್ಲಿಯವರೆಗೆ ಯಾರೂ ಅವಕಾಶ ಕೊಟ್ಟಿರಲಿಲ್ಲ, ಅಷ್ಟೇ ಕಾರಣವೆಂದು ಅವತ್ತು ತಿಳಿಯಿತು. ಕಾಗದ ತಂದು ಕೂತೆ. 'ಶ್ರೀಮತಿ ಗಿರಿಜಮ್ಮನವರು ರಸ್ತೆಯ ಬದಿಯಲ್ಲಿ ನಿಂತು ಭುವನೇಶ್ವರಿ ದೇವಿಯ ದರ್ಶನ ಪಡೆಯುತ್ತಿದ್ದಾಗ' ಎಂದು ಶುರು ಮಾಡಿದೆ. ಬರೆಯುತ್ತ ಬರೆಯುತ್ತ ಶೈಲಿಗೆ ನಾನೇ ಮರುಳಾಗಿ ಅವರ ಕೈಗೆ ಒಂದು ಹೂವಿನ ಬುಟ್ಟಿಯನ್ನೂ ಕೊಟ್ಟೆ. ಸುವರ್ಣಾ ಹಿಂದೆ ನಿಂತು ಓದುತ್ತಿದ್ದಳು.

"ಕೈ ಮುರಕೊಂಡಾಕಿ ಅಕಿ, ಕತಿ ಕಟ್ಟಾವ್ರು ನೀವು," ಎಂದಳು. "ಅಕಿನ್ನ ಒಂದ ಮಾತ ಕೇಳೀರೇನ?"

ಕೇಳಿರಲಿಲ್ಲ. ಕಾಗದ ಮಡಚಿ ಜೇಬಿಗಿಟ್ಟುಕೊಂಡು ಮೂವರೂ ಗಿರಿಜಮ್ಮನ ಮನೆಗೆ ಹೋದೆವು. ಅಂಗಡಿಯ ಹಿಂದಿನ ಒಂದು ಕೋಣೆಯೇ ಮನೆ. ಅವರು ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಮಂಚದ ಮೇಲೆ ಕೂತಿದ್ದರು. ಎದುರಿಗೆ ಕತ್ತರಿಸಿಟ್ಟ ಬಟ್ಟೆಗಳ ರಾಶಿ, ಪ್ರತಿಯೊಂದಕ್ಕೂ ಅಳತೆಯ ಚೀಟಿ ಪಿನ್ನು ಮಾಡಿತ್ತು. ನಾನು ಕಾಗದ ಓದಿದೆ. ಹೂವಿನ ಬುಟ್ಟಿ ಬಂದಾಗ ನನ್ನ ದನಿ ತಾನಾಗಿಯೇ ಸಣ್ಣದಾಯಿತು.

ಗಿರಿಜಮ್ಮ ಪೂರ್ತಿ ಕೇಳಿದರು. "ನಾನು ಕೆಳಗೆ ನಿಂತಿದ್ರೆ ಮೇಲೆ ಕೂತಿದ್ದು ಯಾರು ಸರ್?" ಎಂದರು.

ಅದನ್ನು ನಾವು ಯೋಚಿಸಿರಲಿಲ್ಲ.

"ಎಲ್ಲರ ಫೋನಲ್ಲೂ ನನ್ನ ಫೋಟೋ ಇದೆ. ಬಿದ್ದಾಗ ಎತ್ತಿದ್ದೇ ಪೊಲೀಸಿನವರು. ಹೋಗ್ಲಿ, ಅದು ಬಿಡಿ." ಅವರು ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲೆ ಸರಿಮಾಡಿಕೊಂಡು ಹೇಳಿದರು: "ವರ್ಷಪೂರ್ತಿ ಇಲ್ಲಿ ಬಗ್ಗಿ ಕೂತಿರ್ತೀನಿ. ಅಲ್ಲಿ ಲೂಸು, ಇಲ್ಲಿ ಟೈಟು ಅಂತ ಬೈಸ್ಕೊಂಡು. ಆ ಒಂದು ಬೆಳಿಗ್ಗೆ ಎಲ್ಲರೂ ತಲೆ ಎತ್ತಿ ನನ್ನ ನೋಡ್ತಾರೆ. ಅಲ್ಲಿ ಕೂತಿದ್ದು ನಾನಲ್ಲ ಅಂತ ಬರ್ಕೊಡ್ಲಾ? ಕೈ ಹೋದ್ರೂ ಪರ್ವಾಗಿಲ್ಲ, ಅದನ್ನ ಮಾತ್ರ ಕೊಡಲ್ಲ ಸರ್."

ಮುನಿರಾಜಣ್ಣ ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು. "ತಪ್ಪಾಯ್ತು ಕಣಕ್ಕ," ಎಂದರು. "ಎದ್ರಿಕೆಗೆ ಅಂಗಂದೆ."

"ನಿನ್ ಮೇಲೆ ಕೇಸ್ ಹಾಕ್ತೀನಿ ಅಂತ ಯಾರು ಹೇಳಿದ್ರು ಮುನಿರಾಜಣ್ಣ? ಸ್ಕೂಟರಿನವನು ಅಡ್ಡ ಬಂದ. ನೀನು ಬ್ರೇಕ್ ಹಾಕದಿದ್ರೆ ಅವನು ಉಳೀತಿದ್ನಾ? ನನ್ ಕಷ್ಟ ಅದಲ್ಲ. ಈ ಬಟ್ಟೆ ರಾಶಿ ನೋಡಿ. ಇವೆಲ್ಲ ಮದುವೆ ಮನೇವು. ವಾಪಸ್ ಕೊಟ್ರೆ ಬೇರೆ ಕಡೆ ಹೋಗ್ತಾರೆ. ಹೋದವರು ಮತ್ತೆ ಬರಲ್ಲ."

ನಾನು ಕೈಯಲ್ಲಿದ್ದ ಕಾಗದವನ್ನು ಇನ್ನೂ ಚಿಕ್ಕದಾಗಿ ಮಡಚಿದೆ. ಅಷ್ಟರಲ್ಲಿ ಸುವರ್ಣಾ ಆ ರಾಶಿಯ ಪಕ್ಕ ಕೂತು ಒಂದು ಬಟ್ಟೆ ಎತ್ತಿ ನೋಡುತ್ತಿದ್ದಳು. ತವರಿನಲ್ಲಿ ಹೊಲಿಗೆ ಕಲಿತವಳು, ಮದುವೆಯಾದ ಮೇಲೆ ಬಿಟ್ಟಿದ್ದಳು. "ಗಿರಿಜಕ್ಕ, ಕತ್ತರಸೂದು ನನಗ ಬರಂಗಿಲ್ಲ. ನೀವು ಹೇಳಿದಂಗ ಹೊಲೀಲಿಕ್ಕೆ ಬರ್ತದ," ಎಂದಳು. ಎರಡು ದಿನದಿಂದ ನಾವು ಗಂಡಸರು ವಿಮೆ, ಕಾನೂನು, ಸಂಘ ಎಂದು ಸುತ್ತಿ ಸುತ್ತಿ ಮುಟ್ಟಲಾಗದ ಜಾಗವನ್ನು ಅವಳು ಒಂದು ಮಾತಿನಲ್ಲಿ ಮುಟ್ಟಿದಳು.

ಮರುದಿನದಿಂದ ಅಂಗಡಿ ತೆರೆಯಿತು. ಸುವರ್ಣಾ ಯಂತ್ರದ ಮುಂದೆ, ಪಕ್ಕದ ಬೀದಿಯ ಇಬ್ಬರು ಹೆಂಗಸರು ಫಾಲ್ ಹಚ್ಚಲು, ಗಿರಿಜಮ್ಮ ಕುರ್ಚಿಯಲ್ಲಿ ಕೂತು ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಗೆರೆ ಎಳೆಯುತ್ತ, "ಇಲ್ಲಿ ಅರ್ಧ ಇಂಚು ಬಿಡಿ, ಈ ಹುಡುಗಿ ಮದುವೆ ಆದ್ಮೇಲೆ ದಪ್ಪ ಆಗ್ತಾಳೆ, ಅವರಮ್ಮನ್ನ ನೋಡಿದೀನಿ" ಎಂದು ಹೇಳಿಕೊಡುತ್ತಿದ್ದರು. ಮುನಿರಾಜಣ್ಣ ಪ್ರತಿ ತಪಾಸಣೆಗೆ ತಮ್ಮ ಗಾಡಿಯಲ್ಲೇ ಅವರನ್ನು ಆಸ್ಪತ್ರೆಗೆ ಕರೆದೊಯ್ದರು. ಮುಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿಸಿ, ಹಂಪ್ ಬಂದರೆ ಇಳಿಸಿ ದಾಟಿಸುವುದೊಂದು ಬಾಕಿ. ಆಸ್ಪತ್ರೆಯ ಖರ್ಚನ್ನು ನಾನೂ ಮುನಿರಾಜಣ್ಣನೂ ಹಂಚಿಕೊಂಡೆವು. ಆಮೇಲೆ ಗೌರವ ಅಧ್ಯಕ್ಷರ ಹೆಂಡತಿಯ ಬ್ಲೌಸೂ ಆ ರಾಶಿಯಲ್ಲಿದೆ ಎಂದು ತಿಳಿದಾಗ ಅಧ್ಯಕ್ಷರೂ ಖರ್ಚಿಗೆ ಸೇರಿಕೊಂಡರು.

ನನ್ನ ಪಾಲಿಗೆ ಬಂದದ್ದು ಹುಕ್ಸು. ಕಾಲೇಜಿನಿಂದ ಬಂದ ಮೇಲೆ ದಿನಾ ಸಂಜೆ ಒಂದೂವರೆ ಗಂಟೆ ರವಿಕೆಗಳಿಗೆ ಹುಕ್ಸು ಹೊಲಿಯುವ ಶಿಕ್ಷೆ. ಶಿಕ್ಷೆ ಎಂದು ಯಾರೂ ಹೇಳಲಿಲ್ಲ, ನಾನೇ ಹಾಗೆಂದುಕೊಂಡೆ. ಮೊದಲ ದಿನ ಆರು ಹುಕ್ಸನ್ನು ಬಲು ಶ್ರದ್ಧೆಯಿಂದ ಹೊಲಿದು ತೋರಿಸಿದೆ. ಗಿರಿಜಮ್ಮ ನೋಡಿ, "ಚೆನ್ನಾಗಿ ಹಾಕಿದೀರಿ ಸರ್. ಬೆನ್ನಿಗೆ ಹಾಕಿದೀರಿ. ಇದು ಮುಂದೆ ಹಾಕೋ ಬ್ಲೌಸು" ಎಂದರು. ಬಿಚ್ಚಿ ಮತ್ತೆ ಹೊಲಿದೆ. ಸೂಜಿ ಚುಚ್ಚಿ ಚುಚ್ಚಿ ಬೆರಳ ತುದಿ ಜರಡಿಯಾಯಿತು. ಅಂಗಡಿಗೆ ಬಂದ ಹೆಂಗಸರು ನನ್ನನ್ನು ನೋಡಿ ಬಾಗಿಲಲ್ಲೇ ನಿಲ್ಲುತ್ತಿದ್ದರು. "ಬನ್ನಿ ಬನ್ನಿ, ಸರ್ ನಮ್ಮೋರೇ" ಎಂದು ಗಿರಿಜಮ್ಮ ಒಳಗೆ ಕರೆಯುತ್ತಿದ್ದರು. ಆ ಮಾತು ಕೇಳಿದಾಗ ನಾನು ಹುಕ್ಸಿನ ಮೇಲೆ ಇನ್ನಷ್ಟು ಬಗ್ಗುತ್ತಿದ್ದೆ. ಅವರ ಕೈ ಮುರಿದವನನ್ನು ಅವರು ನಮ್ಮವರೆನ್ನುತ್ತಿದ್ದರು.

ಆರು ವಾರಕ್ಕೆ ಪ್ಲಾಸ್ಟರ್ ತೆಗೆದರು. ಕೈ ಬಡಕಲಾಗಿತ್ತು, ಹೆಬ್ಬೆರಳು ಮಡಚುತ್ತಿರಲಿಲ್ಲ. ಗಿರಿಜಮ್ಮ ದಿನಾ ಬಿಸಿನೀರಿನಲ್ಲಿ ಕೈಯಿಟ್ಟು, ರಬ್ಬರ್ ಚೆಂಡು ಅದುಮುತ್ತ ಕೂರುತ್ತಿದ್ದರು. ಒಂದು ದಿನ ಎಲ್ಲರೂ ಹರಟುತ್ತಿರುವಾಗ ಅವರು, "ಈ ಬೆರಳು ಹೀಗೇ ನಿಂತ್ಬಿಟ್ರೆ ನಾನು ಯಾರು ಅಂತ ಗೊತ್ತಾಗ್ತಿಲ್ಲ" ಎಂದರು, ತಮಗೆ ತಾವೇ ಹೇಳಿಕೊಂಡಂತೆ. ನಾನು ಹಾಕುತ್ತಿದ್ದ ಹುಕ್ಸನ್ನು ತಪ್ಪು ಕಡೆಗೇ ಹಾಕಿ ಮುಗಿಸಿದೆ. ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಸಂಜೆ, ನಾನು ಸೂಜಿಗೆ ದಾರ ಪೋಣಿಸಲು ಕನ್ನಡಕ ಏರಿಸಿ ಇಳಿಸಿ ಹೆಣಗುತ್ತಿದ್ದಾಗ, ಅವರು ನನ್ನ ಕೈಯಿಂದ ಸೂಜಿ ಕಸಿದುಕೊಂಡು, ದಾರದ ತುದಿ ನಾಲಿಗೆಗೆ ತಾಗಿಸಿ, ಬಲಗೈಯಲ್ಲೇ ಒಂದೇ ಸಲಕ್ಕೆ ಪೋಣಿಸಿ ಕೊಟ್ಟರು. ಕೊಟ್ಟ ಮೇಲೆ ತಮ್ಮ ಕೈಯನ್ನು ತಾವೇ ನೋಡಿಕೊಂಡರು. ಸುವರ್ಣಾ ಯಂತ್ರ ನಿಲ್ಲಿಸಿದಳು. ನಾನು ಕನ್ನಡಕ ಒರೆಸಿಕೊಂಡೆ. ಒರೆಸಬೇಕಾದದ್ದು ಕನ್ನಡಕವನ್ನಲ್ಲ.

ಮುಂದಿನ ನವೆಂಬರಿಗೆ ನಾನು ಬೇರೆಯೇ ಮನುಷ್ಯ. ಸಂಘವನ್ನು ನೋಂದಣಿ ಮಾಡಿಸಿದೆ. ಶ್ರೀಕಂಠರ ಹತ್ತಿರ ಹೋಗಿ ನೋಡಲು ಬಂದವರಿಗೆ ಪೆಟ್ಟಾದರೆ ಕೊಡುವಂಥ ಹೊಣೆಗಾರಿಕೆ ವಿಮೆಯನ್ನು ಮೆರವಣಿಗೆಯ ದಿನಕ್ಕೆಂದೇ ಮಾಡಿಸಿದೆ. ಅದರ ಜೊತೆ ಸ್ವಯಂಸೇವಕರಿಗೆ ಅಪಘಾತ ವಿಮೆ. ಅದಕ್ಕೆ ಹೆಸರು, ವಯಸ್ಸು, ವಾರಸುದಾರರ ಪಟ್ಟಿ ಬೇಕೆಂದರು. ಮನೆಮನೆಗೆ ಹೋಗಿ ಬರೆದುಕೊಂಡು ಬಂದೆ. ಡೊಳ್ಳಿನವರನ್ನೂ ಬಿಡಲಿಲ್ಲ. ಪಾಲಿಸಿಯನ್ನು ಮೂರು ಸಲ ಓದಿ, ಅರ್ಥವಾಗದಲ್ಲಿ ಗೆರೆ ಎಳೆದು, ಶ್ರೀಕಂಠರಿಗೆ ದಿನಕ್ಕೆ ನಾಲ್ಕು ಫೋನ್ ಮಾಡಿದೆ. ಅವರು ಕಾಫಿ ಕೊಡುವುದನ್ನೇ ನಿಲ್ಲಿಸಿದರು. ಗಾಡಿಯ ಮೇಲೆ ಈ ಸಲ ದೇವಿಯ ಪಟ ಮಾತ್ರ, ಎಂಟು ಕಡೆ ಹಗ್ಗ. ಸುತ್ತಲೂ ಹಗ್ಗ ಹಿಡಿದು ನಡೆಯುವವರು. ಗಿರಿಜಮ್ಮ ಭುವನೇಶ್ವರಿಯಾಗಿಯೇ ಬಂದರು. ಗಾಡಿಯ ಮುಂದೆ, ನೆಲದ ಮೇಲೆ, ಕಿರೀಟ ಇಟ್ಟುಕೊಂಡು ನಡೆದರು. ಜನ ಹತ್ತಿರ ಬಂದು ಅವರ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡರು, ಬಲಗೈಯನ್ನೇ.

ನಾನು ಮೈಕ್ ಹಿಡಿದು ಎಲ್ಲರಿಗಿಂತ ಮುಂದೆ, ಜನರ ಕಡೆ ಮುಖ ಮಾಡಿ ಹಿಂದಕ್ಕೆ ಹೆಜ್ಜೆ ಹಾಕುತ್ತ ಸೂಚನೆ ಕೊಡುತ್ತಿದ್ದೆ. ಹಗ್ಗದ ಒಳಗೆ ಬರಬೇಡಿ, ಚಕ್ರದ ಹತ್ತಿರ ಹೋಗಬೇಡಿ, ನಿಮ್ಮ ಸುರಕ್ಷತೆ ನಿಮ್ಮ ಕೈಯಲ್ಲಿ. 'ನೋಡಿಕೊಂಡು ಹೆಜ್ಜೆ ಇಡಿ' ಎನ್ನುವಾಗ ಚರಂಡಿಯ ಸರಿದ ಕಲ್ಲೊಂದಕ್ಕೆ ಹಿಮ್ಮಡಿ ಸಿಕ್ಕಿ ಮೈಕ್ ಸಮೇತ ಕೂತುಬಿಟ್ಟೆ. 'ಅಯ್ಯಪ್ಪಾ' ಎಂದದ್ದು ನಾಲ್ಕು ಸ್ಪೀಕರಿನಲ್ಲಿ ಬಡಾವಣೆಗೆಲ್ಲ ಕೇಳಿಸಿತು. ಕಾಲುಗಂಟು ಉಳುಕಿ ಬೂದುಗುಂಬಳದಂತೆ ಊದಿತು.

ಸಂಜೆ ಸೋಫಾದ ಮೇಲೆ ಕಾಲು ಚಾಚಿಕೊಂಡು ಶ್ರೀಕಂಠರಿಗೆ ಫೋನ್ ಮಾಡಿದೆ. ಸ್ವಲ್ಪ ಹೆಮ್ಮೆಯಿಂದಲೇ ಮಾಡಿದೆ ಎನ್ನಬೇಕು. ಅವರು ಪಟ್ಟಿ ತೆಗೆದು ಮೇಲಿಂದ ಕೆಳಗೆ ನೋಡಿ, ಕೆಳಗಿಂದ ಮೇಲೆ ನೋಡಿ, "ಸರ್, ನಲವತ್ತೆರಡು ಹೆಸರಿದೆ. ನಿಮ್ಮದಿಲ್ಲ" ಎಂದರು. ಪಟ್ಟಿ ಬರೆದವನು ನಾನು. ಡೊಳ್ಳಿನವರ ವಾರಸುದಾರರ ಹೆಸರನ್ನೂ ತಪ್ಪಿಲ್ಲದೆ ಬರೆದವನು ನನ್ನದನ್ನೇ ಬರೆದಿರಲಿಲ್ಲ. ಸುವರ್ಣಾ ಅರಿಶಿನದ ಪಟ್ಟು ಹಾಕುವಾಗ ಬಟ್ಟೆಯನ್ನು ಬೇಕಾದ್ದಕ್ಕಿಂತ ತುಸು ಬಿಗಿಯಾಗಿ ಕಟ್ಟಿದಳು.

ಹೊತ್ತು ಮುಳುಗುವ ಮೊದಲು ಗಿರಿಜಮ್ಮ ನೋಡಲು ಬಂದರು. ಕಿರೀಟ ತೆಗೆದಿದ್ದರು, ಹಣೆಯ ಮೇಲೆ ಅದರ ಗುರುತು ಇನ್ನೂ ಇತ್ತು. ನನ್ನ ಕಾಲನ್ನೂ ಮುಖವನ್ನೂ ನೋಡಿ, ಪಕ್ಕದ ಕುರ್ಚಿ ಎಳೆದು ಕೂತು, ಸಮಾಧಾನ ಮಾಡುವ ದನಿಯಲ್ಲಿ ಹೇಳಿದರು: "ಬೇಜಾರ್ ಮಾಡ್ಕೋಬೇಡಿ ಸರ್. ದೇವರಾಗಿ ಬಿದ್ರೆ ನಾಲ್ಕು ಜನ ಬಂದು ಎತ್ತುತ್ತಾರೆ. ಕಾರ್ಯದರ್ಶಿಯಾಗಿ ಬಿದ್ರೆ ತಾವೇ ಎದ್ಕೋಬೇಕು."